ಒಲೆಯ ಹಿಂದೆ ನಿಂತವರು

ದಿನಸಿ ಅಂಗಡಿಯವನು ದಿವಾಳಿಯೆದ್ದರೆ ನಾವು ಚೀಲ ಹಿಡಿದು ಪಕ್ಕದ ಅಂಗಡಿಗೆ ಹೋಗುತ್ತೇವೆ. ಹಾಲಿನವನು ಹಸು ಮಾರಿಬಿಟ್ಟರೆ ಇನ್ನೊಬ್ಬ ಹಾಲಿನವನನ್ನು ಗೊತ್ತು ಮಾಡಿಕೊಳ್ಳುತ್ತೇವೆ. ನಡುವೆ ಒಂದು ದಿನ ಹಾಲಿಲ್ಲದ ಕಾಫಿ ಕುಡಿದರೆ ಪ್ರಾಣವೇನೂ ಹೋಗುವುದಿಲ್ಲ. ಆದರೆ ಮನೆಯ ದೀಪಕ್ಕೂ ಒಲೆಗೂ ಶಕ್ತಿ ಒದಗಿಸುವವನೇ ಒಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೋದರೆ ಏನು ಮಾಡುವುದು? ನಮಗೆ ಇದು ಕಟ್ಟುಕತೆಯಂತೆ ಕೇಳಿಸಬಹುದು. ಬ್ರಿಟನ್ನಿನಲ್ಲಿ 2021ರ ಜುಲೈಯಿಂದ 2022ರ ಮೇ ತಿಂಗಳೊಳಗೆ ಹೀಗೆ ಬಾಗಿಲು ಹಾಕಿದ ವಿದ್ಯುತ್ತು ಮತ್ತು ಅನಿಲದ ಕಂಪನಿಗಳು 29. ಅವನ್ನು ನಂಬಿಕೊಂಡಿದ್ದ ಮನೆಗಳು ಹತ್ತಿರ ಹತ್ತಿರ 40 ಲಕ್ಷ. ಆಶ್ಚರ್ಯವೆಂದರೆ, ಅಷ್ಟು ಕಂಪನಿಗಳು ಮುಳುಗಿದರೂ ಆ ಕಾರಣಕ್ಕಾಗಿ ಒಂದು ಮನೆಯ ದೀಪವೂ ಆರಲಿಲ್ಲ. ದೀಪ ಆರದಿದ್ದುದು ಹೇಗೆ, ಅದರ ಬೆಲೆಯನ್ನು ತೆತ್ತವರು ಯಾರು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಲ್ಲಿದ್ದಲನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಉರಿಯುವ ಅನಿಲ ಹೊರಡುತ್ತದೆ. ಆ ಅನಿಲದಿಂದ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ದೀಪ ಹಚ್ಚಿ ತೋರಿಸಿದ್ದು 1807ರಲ್ಲಿ. ಐದು ವರ್ಷಗಳ ನಂತರ, 1812ರಲ್ಲಿ, ಗ್ಯಾಸ್ ಲೈಟ್ ಅಂಡ್ ಕೋಕ್ ಎಂಬ ಕಂಪನಿಗೆ ರಾಜಸನ್ನದು ಸಿಕ್ಕಿತು. ಮೊದಮೊದಲು ಅದು ಬೀದಿಯ ದೀಪಕ್ಕೆ, ಕಾರ್ಖಾನೆಗೆ, ಶ್ರೀಮಂತರ ಹಜಾರಕ್ಕೆ ಮಾತ್ರ. ಅಡುಗೆಮನೆಯೊಳಗೆ ಅನಿಲ ಬಂದದ್ದು ಬಹಳ ತಡವಾಗಿ. ಬಡವರ ಮನೆಗೆ ಅದನ್ನು ತಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಒಂದು ಪುಟ್ಟ ಪೆಟ್ಟಿಗೆ: ಕಾಸು ಹಾಕುವ ಮೀಟರು. ಸೀಳಿನಲ್ಲಿ ಒಂದು ಪೆನ್ನಿ ಹಾಕಿದರೆ ಅಷ್ಟು ಹೊತ್ತಿನ ಅನಿಲ. ಕಾಸು ಮುಗಿದರೆ ಉರಿಯೂ ಮುಗಿಯಿತು. ವಾರದ ಕೂಲಿಯಲ್ಲಿ ಮೀಟರಿಗೆಂದು ಒಂದಿಷ್ಟು ಕಾಸನ್ನು ಎತ್ತಿಡುವುದು ಆ ಕಾಲದ ಗೃಹಿಣಿಯ ಲೆಕ್ಕಾಚಾರದ ಒಂದು ಭಾಗವೇ ಆಗಿತ್ತು. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಮುಚ್ಚಿಡುವ ನಮಗೆ ಈ ಹೆಂಗಸಿನ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ದೇಶದಲ್ಲಿ ಊರಿಗೊಂದು, ಪೇಟೆಗೊಂದು ಎಂಬಂತೆ ಸಾವಿರದಷ್ಟು ಅನಿಲ ಸಂಸ್ಥೆಗಳಿದ್ದವು. ಕೆಲವು ಖಾಸಗಿಯವರದು, ಕೆಲವು ಪುರಸಭೆಗಳದು. 1948ರಲ್ಲಿ ವಿದ್ಯುತ್ತನ್ನೂ 1949ರಲ್ಲಿ ಅನಿಲವನ್ನೂ ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಅನಿಲಕ್ಕೆ 12 ಪ್ರಾದೇಶಿಕ ಮಂಡಲಿಗಳಾದವು. ಆಮೇಲೆ ಉತ್ತರ ಸಮುದ್ರದ ತಳದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ಅದು ಉರಿಯುವ ರೀತಿಯೇ ಬೇರೆ. ಹಳೆಯ ಒಲೆಗೆ ಹೊಂದದು. ಹಾಗಾಗಿ 1967ರಿಂದ 1977ರವರೆಗೆ ಹತ್ತು ವರ್ಷ ಕೆಲಸಗಾರರು ಬೀದಿ ಬೀದಿ ಸುತ್ತಿ, ಮನೆ ಮನೆ ಹೊಕ್ಕು, ಸುಮಾರು 4 ಕೋಟಿ ಒಲೆ, ಹೀಟರುಗಳ ಬರ್ನರುಗಳನ್ನು ಬದಲಿಸಿದರು. ಮನೆಯವರು ಕಂಪನಿಯನ್ನು ಹುಡುಕುವಂತಿರಲಿಲ್ಲ, ಚೌಕಾಸಿ ಮಾಡುವಂತಿರಲಿಲ್ಲ. ಬದಲಾವಣೆ ತಾನೇ ಬಂದು ಬಾಗಿಲು ತಟ್ಟಿತು.

1980ರ ದಶಕದಲ್ಲಿ ಗಾಳಿ ಇನ್ನೊಂದು ದಿಕ್ಕಿಗೆ ತಿರುಗಿತು. ಶ್ರೀಮತಿ ಥ್ಯಾಚರ್ ಅವರ ಸರ್ಕಾರ 1986ರಲ್ಲಿ ಬ್ರಿಟಿಷ್ ಗ್ಯಾಸಿನ ಷೇರುಗಳನ್ನು ಜನರಿಗೆ ಮಾರಿತು. 1990ರಲ್ಲಿ ಪ್ರಾದೇಶಿಕ ವಿದ್ಯುತ್ ಕಂಪನಿಗಳೂ ಮಾರಾಟವಾದವು. ಮುಂದಿನ ಹೆಜ್ಜೆ ಪೈಪೋಟಿಯದು. 1996ರಲ್ಲಿ ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಪ್ರಯೋಗವೆಂದು ಆರಂಭಿಸಿ, 1999ರ ಹೊತ್ತಿಗೆ ಇಡೀ ಬ್ರಿಟನ್ನಿನ ಮನೆಯವರು ತಮ್ಮ ಅನಿಲವನ್ನೂ ವಿದ್ಯುತ್ತನ್ನೂ ತಮಗೆ ಬೇಕಾದ ಕಂಪನಿಯಿಂದ ಕೊಳ್ಳಬಹುದು ಎಂದಾಯಿತು.

ಇಲ್ಲಿ ನಾವು ಒಂದು ವಿಷಯವನ್ನು ಬಿಡಿಸಿಕೊಳ್ಳಬೇಕು. ಕಂಪನಿ ಬದಲಾದರೆ ಮನೆಗೆ ಬೇರೆ ತಂತಿ ಬರುವುದಿಲ್ಲ, ಬೇರೆ ಕೊಳವೆ ಬರುವುದಿಲ್ಲ. ತಂತಿ, ಕೊಳವೆಗಳನ್ನು ನೋಡಿಕೊಳ್ಳುವ ಸಂಸ್ಥೆಗಳು ಬೇರೆ. ಸಗಟಿನಲ್ಲಿ ಶಕ್ತಿಯನ್ನು ಕೊಂಡು ಮನೆಗೆ ಬಿಲ್ಲು ಕಳಿಸುವ ಕಂಪನಿಗಳು ಬೇರೆ. ಕಾಲುವೆ ಒಬ್ಬರದು, ನೀರಿನ ಲೆಕ್ಕ ಬರೆಯುವವರು ಇನ್ನೊಬ್ಬರು ಎನ್ನುವ ಹಾಗೆ. ಲೆಕ್ಕ ಬರೆಯುವವನು ಓಡಿಹೋದರೂ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ದೀಪ ಆರದಿದ್ದುದರ ಗುಟ್ಟು ಇಷ್ಟೆ.

ನನ್ನ ತಂಗಿಯ ಮಗಳು ಲೆಸ್ಟರಿನಲ್ಲಿದ್ದಾಳೆ. 2021ರ ಆ ಶರತ್ಕಾಲದಲ್ಲಿ ಫೋನು ಮಾಡಿ, "ದೊಡ್ಡಮ್ಮಾ, ನಮ್ಮ ಕರೆಂಟಿನ ಕಂಪನಿ ಮುಚ್ಚಿಹೋಯಿತು" ಎಂದಳು.

"ಅಯ್ಯೋ, ಆ ಚಳಿಯಲ್ಲಿ ಮಗು ಕಟ್ಟಿಕೊಂಡು ಕತ್ತಲೆಯಲ್ಲಿ ಕೂತಿದ್ದೀಯೇನೇ?" ಎಂದು ನಾನು ಕೇಳಿದೆ.

"ಇಲ್ಲ ದೊಡ್ಡಮ್ಮ, ದೀಪ ಉರೀತಾನೇ ಇದೆ. ಕಂಪನಿ ಮಾತ್ರ ಇಲ್ಲ."

ಅವಳ ತಾಪತ್ರಯ ಬೇರೆಯದಾಗಿತ್ತು. ಅಲ್ಲಿ ಹೆಚ್ಚಿನವರು ವರ್ಷದ ಅಂದಾಜನ್ನು ಹನ್ನೆರಡು ಭಾಗ ಮಾಡಿ ಪ್ರತಿ ತಿಂಗಳೂ ಒಂದೇ ಮೊತ್ತ ಕಟ್ಟುತ್ತಾರೆ. ಬೇಸಿಗೆಯಲ್ಲಿ ಖರ್ಚು ಕಡಿಮೆ, ಆದ್ದರಿಂದ ದುಡ್ಡು ಕಂಪನಿಯ ಬಳಿ ಕೂಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದಕ್ಕೆ ಅದು ಕರಗುತ್ತದೆ. ಕಂಪನಿ ಮುಳುಗಿದ್ದು ಸರಿಯಾಗಿ ಬೇಸಿಗೆ ಮುಗಿದ ಮೇಲೆ, ಅಂದರೆ ಅವಳ ದುಡ್ಡು ಅವರಲ್ಲಿ ಅತಿ ಹೆಚ್ಚು ಸೇರಿಕೊಂಡಿದ್ದಾಗ. "ಅದು ಹೋದ ಹಾಗೇನೇ?" ಎಂದು ಅವಳಿಗೆ ಭಯ. ಮರುದಿನದಿಂದ ಮೂರು ಕೆಲಸ ಮಾಡಿದಳು: ಮೀಟರಿನ ಅಂಕಿಯನ್ನು ಫೋಟೋ ತೆಗೆದಿಟ್ಟುಕೊಂಡಳು, ಬ್ಯಾಂಕಿನ ಕಂತನ್ನು ರದ್ದು ಮಾಡದೆ ಹಾಗೇ ಬಿಟ್ಟಳು, ಹೊಸ ಕಂಪನಿಯ ಕಾಗದ ಬರುವವರೆಗೆ ಬೇರೆಲ್ಲೂ ಸೇರದೆ ಸುಮ್ಮನೆ ಕಾದಳು. ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ ಎಲ್ಲರಿಗೂ ಕೊಟ್ಟ ಸಲಹೆ ಅದೇ ಆಗಿತ್ತು.

ಒಂದು ಕಂಪನಿ ಮುಳುಗಿದಾಗ ಅದರ ಮನೆಗಳನ್ನೆಲ್ಲ ಯಾರು ಕೈಹಿಡಿಯಬೇಕು ಎಂದು ಆಫ್‌ಜೆಮ್ ನಿರ್ಧರಿಸುತ್ತದೆ. ಉಳಿದ ಕಂಪನಿಗಳನ್ನು ಕೇಳಿ, ಒಂದನ್ನು ಆರಿಸಿ, ಗಿರಾಕಿಗಳನ್ನು ಅದಕ್ಕೆ ಒಪ್ಪಿಸುತ್ತದೆ. ಅದನ್ನು 'ಕೊನೆಯ ಆಸರೆಯ ಸರಬರಾಜುದಾರ' ಎನ್ನಬಹುದು. ತಾಯಿಯಿಲ್ಲದ ಮಕ್ಕಳನ್ನು ಊರಿನ ಹಿರಿಯರು ಕೂತು ಯಾರಾದರೊಬ್ಬ ಬಂಧುವಿನ ಮನೆಗೆ ಸೇರಿಸುವ ಹಾಗೆ. ಹೀಗೆ 2021ರ ಸೆಪ್ಟೆಂಬರಿನಲ್ಲಿ ಆವ್ರೋ ಎಂಬ ಕಂಪನಿಯ ಸುಮಾರು 5 ಲಕ್ಷ 80 ಸಾವಿರ ಮನೆಗಳು ಆಕ್ಟೋಪಸ್ ಎಂಬ ಕಂಪನಿಗೆ ಹೋದವು. ಮನೆಯವರ ಕೂಡಿಟ್ಟ ಹಣವೂ ಅವರ ಜೊತೆಗೆ ಹೋಗಬೇಕೆಂಬುದು ನಿಯಮ. ನಮ್ಮ ಹುಡುಗಿಯ ದುಡ್ಡು ಕೆಲವು ತಿಂಗಳು ತಡವಾಗಿಯಾದರೂ ಹೊಸ ಲೆಕ್ಕಕ್ಕೆ ಬಂತು. ಬಾರದಿದ್ದುದು ಹಳೆಯ ದರ. ವರ್ಷಕ್ಕೆಂದು ಗೊತ್ತು ಮಾಡಿಕೊಂಡಿದ್ದ ಅಗ್ಗದ ದರ ಕಂಪನಿಯ ಜೊತೆಗೇ ಸತ್ತಿತ್ತು.

ಇಷ್ಟು ಕಂಪನಿಗಳು ಒಟ್ಟೊಟ್ಟಿಗೆ ಯಾಕೆ ಸತ್ತವು? ಪೈಪೋಟಿ ಹೆಚ್ಚಾದರೆ ದರ ಇಳಿಯುತ್ತದೆಂದು ನಂಬಿ, ಬಂಡವಾಳ ಎಷ್ಟಿದೆ ಎಂದು ಹೆಚ್ಚು ಕೆದಕದೆ ವರ್ಷಗಟ್ಟಲೆ ಪರವಾನಗಿ ಕೊಟ್ಟಿದ್ದರು. 2018ರ ಹೊತ್ತಿಗೆ ಆ ದೇಶದಲ್ಲಿ ಮನೆಗಳಿಗೆ ಶಕ್ತಿ ಮಾರುವ ಕಂಪನಿಗಳು ಎಪ್ಪತ್ತರ ಆಸುಪಾಸಿನಲ್ಲಿದ್ದವು. ಕೆಲವರ ವ್ಯಾಪಾರದ ರೀತಿ ಹೇಗಿತ್ತೆಂದರೆ, ನಮ್ಮಲ್ಲಿ ಒಬ್ಬ ಊಟದ ಮೆಸ್ಸು ತೆರೆದು, ವರ್ಷಪೂರ್ತಿ ಇಂತಿಷ್ಟೇ ದುಡ್ಡಿಗೆ ಊಟ ಹಾಕುತ್ತೇನೆಂದು ಬರೆದುಕೊಟ್ಟು, ಅಕ್ಕಿಯನ್ನು ಮಾತ್ರ ಆಯಾ ದಿನದ ಬೆಲೆಗೆ ಸೇರಿನ ಲೆಕ್ಕದಲ್ಲಿ ಕೊಂಡ ಹಾಗೆ. ಅಕ್ಕಿ ಅಗ್ಗವಾಗಿರುವವರೆಗೆ ಅವನಂಥ ಜಾಣನಿಲ್ಲ. ಕಣಜ ತುಂಬಿಟ್ಟುಕೊಂಡವರು ಪೆದ್ದರಂತೆ ಕಾಣುತ್ತಾರೆ. ಸಾಲದ್ದಕ್ಕೆ, ಗಿರಾಕಿಗಳು ಮುಂಗಡ ಕಟ್ಟಿದ ಹಣವನ್ನೇ ಕೆಲವು ಕಂಪನಿಗಳು ದಿನದ ಖರ್ಚಿಗೆ ತಿರುಗಿಸುತ್ತಿದ್ದವು. ಚೀಟಿ ನಡೆಸುವವಳು ಕೂಡಿದ ದುಡ್ಡಿನಲ್ಲಿ ತನ್ನ ಮನೆ ನಡೆಸಿದರೆ ಏನಾಗುತ್ತದೆಂದು ನಮ್ಮ ಊರುಗಳ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

2021ರಲ್ಲಿ ಅಕ್ಕಿಯ ಬೆಲೆ ಏರಿತು. ಹಿಂದಿನ ಚಳಿಗಾಲ ದೀರ್ಘವಾಗಿ ಯುರೋಪಿನ ಅನಿಲದ ದಾಸ್ತಾನು ಖಾಲಿಯಾಗಿತ್ತು. ಕೊರೋನಾ ಇಳಿದು ಏಷ್ಯಾದ ಕಾರ್ಖಾನೆಗಳು ಮತ್ತೆ ಅನಿಲ ಬೇಡಿದವು. ರಷ್ಯಾದಿಂದ ಬರುವುದು ಕಡಿಮೆಯಾಯಿತು. ಬ್ರಿಟನ್ ತನ್ನ ಅತಿ ದೊಡ್ಡ ಅನಿಲ ಉಗ್ರಾಣವನ್ನು 2017ರಲ್ಲೇ ಮುಚ್ಚುವ ತೀರ್ಮಾನ ಮಾಡಿತ್ತು. ಸಗಟು ಬೆಲೆ ಗಗನಕ್ಕೇರಿದಾಗ ಮನೆಗಳಿಂದ ಹೆಚ್ಚು ವಸೂಲು ಮಾಡೋಣವೆಂದರೆ ಅದಕ್ಕೂ ಅಡ್ಡಿ: 2019ರ ಜನವರಿಯಿಂದ ದರಕ್ಕೊಂದು ಮಿತಿಯಿತ್ತು. ಸಾಮಾನ್ಯ ಮನೆಯೊಂದಕ್ಕೆ ವರ್ಷಕ್ಕೆ 2021ರ ಅಕ್ಟೋಬರಿನ ಮಿತಿ 1,277 ಪೌಂಡು. ಕೊಳ್ಳುವುದು ಹೆಚ್ಚಿಗೆ, ಮಾರುವುದು ಕಡಿಮೆಗೆ ಎಂದಾದಾಗ ಸಣ್ಣ ಕಂಪನಿಗಳು ಒಂದರ ಹಿಂದೊಂದು ಉರುಳಿದವು. ಬಲ್ಬ್ ಎಂಬ ಹೆಸರಿನದೇ ಒಂದು ಕಂಪನಿಯಿತ್ತು. ಅದರ ಮನೆಗಳು ಸುಮಾರು 16 ಲಕ್ಷ. ಅಷ್ಟು ದೊಡ್ಡ ಸಂಸಾರವನ್ನು ಹೊರಲು ಬೇರೊಂದು ಕಂಪನಿಗೆ ಸಾಧ್ಯವಿರಲಿಲ್ಲ. 2021ರ ನವೆಂಬರಿನಲ್ಲಿ ಸರ್ಕಾರವೇ ಹಣ ಕೊಟ್ಟು ಆಡಳಿತಗಾರರ ಕೈಯಲ್ಲಿ ಅದನ್ನು ನಡೆಸಿತು. ಒಂದು ವರ್ಷದ ಮೇಲೆ, 2022ರ ಡಿಸೆಂಬರಿನಲ್ಲಿ, ಅದೂ ಆಕ್ಟೋಪಸ್ಸಿನ ಮಡಿಲು ಸೇರಿತು.

ದೀಪ ಆರಲಿಲ್ಲ ನಿಜ. ಎಣ್ಣೆಯ ಖರ್ಚು ಎಲ್ಲಿಂದ ಬಂತು? ಮುಳುಗಿದ ಕಂಪನಿಗಳ ಮನೆಗಳನ್ನು ವಹಿಸಿಕೊಂಡವರಿಗೆ ಆದ ಖರ್ಚನ್ನು ಎಲ್ಲ ಮನೆಗಳ ಬಿಲ್ಲಿನ ಮೇಲೂ ಹಂಚಲಾಯಿತು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2022ರ ಜೂನಿನಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಆ ಮೊತ್ತ 270 ಕೋಟಿ ಪೌಂಡು, ಅಂದರೆ ಮನೆಯೊಂದಕ್ಕೆ ಸುಮಾರು 94 ಪೌಂಡು. ಬಲ್ಬಿನ ಲೆಕ್ಕ ಇದರಲ್ಲಿ ಸೇರಿರಲಿಲ್ಲ. ದಿವಾಳಿಯಾದ ಕಂಪನಿಯನ್ನು ಎಂದೂ ಸೇರದವರೂ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಆ ದೇಶದಲ್ಲಿ ಇದೆಯೋ ಇಲ್ಲವೋ, ಕೆಲಸ ಮಾತ್ರ ಹಾಗೇ ಆಯಿತು. ಅದರಲ್ಲೂ ಈ ಖರ್ಚನ್ನು ಹಾಕಿದ್ದು ಬಳಸಿದ ಯೂನಿಟ್ಟುಗಳ ಮೇಲಲ್ಲ, ದಿನಕ್ಕಿಷ್ಟು ಎಂದು ಕಟ್ಟಲೇಬೇಕಾದ ನಿಗದಿತ ಶುಲ್ಕದ ಮೇಲೆ. ಎರಡೇ ಕೋಣೆಯಲ್ಲಿ ಒಂದೇ ದೀಪ ಹಚ್ಚಿಕೊಂಡು ಕೂತ ಒಂಟಿ ಮುದುಕಿಗೂ, ಹತ್ತು ಕೋಣೆಯ ಬಂಗಲೆಯವರಿಗೂ ಈ ಹೊರೆ ಹೆಚ್ಚುಕಡಿಮೆ ಒಂದೇ. ಕೈಬಿಗಿ ಹಿಡಿದು ಸಂಸಾರ ಮಾಡುವವಳ ಜಾಣ್ಮೆಗೆ ಇಲ್ಲಿ ಕಾಸಿನ ಬೆಲೆಯೂ ಇಲ್ಲ.

2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾ ದಂಡೆತ್ತಿ ಹೋಯಿತು. ಏಪ್ರಿಲಿನಲ್ಲಿ ದರದ ಮಿತಿ 1,971 ಪೌಂಡಿಗೆ ಏರಿತು. ಅಕ್ಟೋಬರಿಗೆ ಅದು 3,549 ಆಗಬೇಕಿತ್ತು. ಸರ್ಕಾರ ನಡುವೆ ಬಂದು, ಸಾಮಾನ್ಯ ಮನೆಗೆ 2,500ರ ಸುಮಾರಿಗೆ ನಿಲ್ಲಿಸಿ ಉಳಿದದ್ದನ್ನು ಬೊಕ್ಕಸದಿಂದ ತುಂಬಿತು. ಬಿಲ್ಲು ಕಟ್ಟಲಾಗದವರ ಮನೆಗೆ ಆ ಹಳೆಯ ಪೆಟ್ಟಿಗೆ ಹೊಸ ವೇಷದಲ್ಲಿ ಮರಳಿತು. ಪೆನ್ನಿಯ ಬದಲು ಕಾರ್ಡಿಗೆ ಮುಂಗಡ ಹಣ ತುಂಬಬೇಕಾದ ಮೀಟರು. ನ್ಯಾಯಾಲಯದ ವಾರಂಟು ಹಿಡಿದು, ಬೀಗ ತೆರೆದು ಒಳಹೊಕ್ಕು, ಬಡವರ ಮತ್ತು ಕಾಯಿಲೆಯವರ ಮನೆಗಳಲ್ಲೂ ಅದನ್ನು ಬಲವಂತವಾಗಿ ಹಾಕುತ್ತಿದ್ದುದು ಪತ್ರಿಕೆಯಲ್ಲಿ ಬಯಲಾಗಿ, 2023ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮುಂಗಡ ಕಟ್ಟುವ ಬಡವರೇ ಉಳಿದವರಿಗಿಂತ ಹೆಚ್ಚು ಕೊಡುತ್ತಿದ್ದ ತಾರತಮ್ಯವನ್ನು ಅದೇ ವರ್ಷದ ಜುಲೈಯಲ್ಲಿ ತೆಗೆದುಹಾಕಿದರು. ಕಂಪನಿಗಳಿಗೂ ಬಂಡವಾಳದ ನಿಯಮಗಳು ಬಿಗಿಯಾದವು. ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ದಾದರೂ, ಹಾಕಿದ್ದು ಒಳ್ಳೆಯದೇ.

ಇನ್ನು ನಮ್ಮ ಮನೆಗೆ ಬರೋಣ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂದ ಕಾಲದಿಂದ ನಮ್ಮಲ್ಲಿ ಇದು ಸರ್ಕಾರದ ಕೆಲಸ. ಮಂಡಲಿ ಬಂತು, 1999ರಲ್ಲಿ ಅದು ನಿಗಮವಾಯಿತು, 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂದು ಹೋಳಾಯಿತು. ಮೈಸೂರಿನ ಕಡೆಯವರಿಗೆ ಚಾಮುಂಡೇಶ್ವರಿಯ ಹೆಸರಿನದು 2005ರಲ್ಲಿ ಬಂತು. ಹುಕ್ಕೇರಿಯಲ್ಲಿ 1969ರಿಂದ ಸಹಕಾರಿ ಸಂಘವೊಂದು ವಿದ್ಯುತ್ ಹಂಚುತ್ತಿರುವುದು ಅಪರೂಪದ ಮಾತು. ಯಾವ ಊರಿನಲ್ಲಿದ್ದರೂ ನಮಗೆ ಒಬ್ಬನೇ ಕೊಡುವವನು. ಬೇಡವೆಂದು ಬಿಟ್ಟುಹೋಗುವಂತಿಲ್ಲ, ಅವನೂ ನಮ್ಮನ್ನು ಬಿಟ್ಟುಹೋಗುವಂತಿಲ್ಲ. ನಷ್ಟವಾದರೆ ಆಯೋಗದ ಮುಂದೆ ಅರ್ಜಿ ಹೋಗುತ್ತದೆ, ದರ ಏರುತ್ತದೆ, ಇಲ್ಲವೇ ಸರ್ಕಾರ ತುಂಬಿಕೊಡುತ್ತದೆ. ಮುಂಬಯಿಯ ಉಪನಗರಗಳ ಗೃಹಿಣಿಯರಿಗೆ ಮಾತ್ರ 2009ರಿಂದ ರಿಲಯನ್ಸ್ ಬಿಟ್ಟು ಟಾಟಾಕ್ಕೆ ಹೋಗುವ ಆಯ್ಕೆ ಸಿಕ್ಕಿತು. ರಿಲಯನ್ಸಿನ ಆ ವ್ಯವಹಾರ 2018ರಲ್ಲಿ ಅದಾನಿಯವರ ಪಾಲಾಯಿತು. ಒಡಿಶಾದಲ್ಲಿ ಬಿಟ್ಟುಹೋದವನೂ ಇದ್ದಾನೆ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎ.ಇ.ಎಸ್. ಕಂಪನಿ ಅಲ್ಲಿನ ಮಧ್ಯಭಾಗದ ವಿತರಣೆಯನ್ನು ಕೈಗೆ ತೆಗೆದುಕೊಂಡಿತು. ಮರುತಿಂಗಳೇ ಮಹಾಚಂಡಮಾರುತ ಬಂದು ಕಂಬಗಳನ್ನೆಲ್ಲ ಮಲಗಿಸಿತು. ಬಾಕಿ, ನಷ್ಟ, ಜಗಳ ಬೆಳೆದು 2001ರಲ್ಲಿ ಕಂಪನಿ ಕೈತೊಳೆದುಕೊಂಡಿತು. ಆಯೋಗ ಆಡಳಿತಗಾರನನ್ನು ನೇಮಿಸಿ ದೀಪ ಉಳಿಸಿತು.

ದೀಪದ ಮಾತಾಯಿತು, ಒಲೆಯ ಮಾತು ನಮಗೆ ಇನ್ನೂ ಹತ್ತಿರದ್ದು. ಅಡುಗೆ ಅನಿಲದ ಸಂಪರ್ಕಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ದಿನಗಳು ನೆನಪಿದೆಯಲ್ಲವೇ? ಹೆಣ್ಣು ನೋಡಲು ಬಂದವರು ಮನೆಯಲ್ಲಿ ಗ್ಯಾಸು ಇದೆಯೇ ಎಂದು ಕಣ್ಣಲ್ಲೇ ಹುಡುಕುತ್ತಿದ್ದ ಕಾಲ. 1993ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರೂ ಅನಿಲವನ್ನು ಆಮದು ಮಾಡಿ ಮಾರಬಹುದೆಂದಿತು. ನಮ್ಮ ಊರಿನಲ್ಲೂ ಒಂದು ಖಾಸಗಿ ಏಜೆನ್ಸಿ ತೆರೆಯಿತು. ದರ ಹೆಚ್ಚು, ಆದರೆ ಕಾಯಬೇಕಿಲ್ಲ. ನಮ್ಮ ಬೀದಿಯ ಏಳೆಂಟು ಮನೆಯವರು ಠೇವಣಿ ಕಟ್ಟಿದೆವು. ಸೀಮೆಎಣ್ಣೆ ಸ್ಟೌವಿನ ಪಿನ್ನು ಚುಚ್ಚುವ ಕೆಲಸ ತಪ್ಪಿತೆಂದು ಹಿಗ್ಗಿದೆವು. ಎರಡನೆಯ ವರ್ಷ ಸಿಲಿಂಡರು ತಡವಾಗತೊಡಗಿತು. ಆಮೇಲೆ ಒಂದು ದಿನ ಅಂಗಡಿಗೆ ಬೀಗ. ಫೋನು ಎತ್ತುವವರಿಲ್ಲ. ಆ ಸಿಲಿಂಡರನ್ನು ಬೇರೆ ಏಜೆನ್ಸಿಯವರು ಮುಟ್ಟುವುದಿಲ್ಲ, ಅದರ ರೆಗ್ಯುಲೇಟರು ಬೇರೆಯದಕ್ಕೆ ಹೊಂದುವುದಿಲ್ಲ. ಎದುರುಮನೆಯ ಟೀಚರಮ್ಮನವರ ಠೇವಣಿ ಅವರ ಒಂದು ತಿಂಗಳ ಸಂಬಳದ ಹತ್ತಿರಹತ್ತಿರ. ಯಾವ ಆಯೋಗವೂ ಅವರನ್ನು ಕರೆದು ಇನ್ನೊಬ್ಬರ ಕೈಗೆ ಒಪ್ಪಿಸಲಿಲ್ಲ. ಖಾಲಿ ಸಿಲಿಂಡರು ಅವರ ಹಿತ್ತಲಲ್ಲಿ ತುಕ್ಕು ಹಿಡಿಯಿತು. ಅವರು ಮತ್ತೆ ಸೀಮೆಎಣ್ಣೆಯ ಸಾಲಿನಲ್ಲಿ ನಿಂತರು. ದೇಶದ ಅನೇಕ ಊರುಗಳಲ್ಲಿ ಆ ವರ್ಷಗಳಲ್ಲಿ ಹೀಗೆ ಠೇವಣಿ ಕಳೆದುಕೊಂಡವರಿದ್ದರು.

ಅದಕ್ಕೆ ಮೊದಲು ನಡೆದ ಒಂದು ಬದಲಾವಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1970ರ ದಶಕದಲ್ಲಿ ಎಸ್ಸೋ, ಬರ್ಮಾ ಷೆಲ್, ಕಾಲ್ಟೆಕ್ಸ್‌ಗಳನ್ನು ಸರ್ಕಾರ ತೆಗೆದುಕೊಂಡಿತು. 1979ರಲ್ಲಿ ಕೋಸಾನ್ ಗ್ಯಾಸ್ ಕಂಪನಿಯನ್ನೂ ತೆಗೆದುಕೊಂಡಿತು. ಆಗ ಮಾಲೀಕರು ಬದಲಾದರು, ಸರಬರಾಜಿನ ಹೊಣೆಯನ್ನು ಸರ್ಕಾರದ ಕಂಪನಿಗಳು ಹೊತ್ತವು. ಒಂದು ಕಂಪನಿಯಿಂದ ಇನ್ನೊಂದಕ್ಕೆ ಗ್ಯಾಸು ಸಂಪರ್ಕ ಬದಲಿಸಿಕೊಳ್ಳುವ ಸೌಲಭ್ಯ ನಮ್ಮ ದೇಶದಲ್ಲಿ 2013–14ರಲ್ಲಿ ಬಂತು, ಅದೂ ಸರ್ಕಾರಿ ಕಂಪನಿಗಳ ನಡುವೆ. ಟೀಚರಮ್ಮನವರಿಗೆ ಅದು ಇಪ್ಪತ್ತು ವರ್ಷ ತಡ.

ಈ ಎರಡು ದೇಶಗಳ ಕತೆಯನ್ನು ಅಕ್ಕಪಕ್ಕ ಇಟ್ಟಾಗ, ಖಾಸಗಿ ಒಳ್ಳೆಯದೋ ಸರ್ಕಾರದ್ದು ಒಳ್ಳೆಯದೋ ಎಂಬ ಗಂಡಸರ ಜಗಲಿಯ ಚರ್ಚೆಗಿಂತ ನನಗೆ ಮುಖ್ಯವೆನಿಸುವುದು ಮೂರು ಪ್ರಶ್ನೆಗಳು. ಇವನು ಬಿದ್ದರೆ ನಮ್ಮನ್ನು ಹಿಡಿಯುವವರು ಯಾರು? ನಮ್ಮ ಮುಂಗಡ ಯಾರ ಪೆಟ್ಟಿಗೆಯಲ್ಲಿದೆ? ಹಿಡಿದ ಖರ್ಚು ಯಾರ ತಲೆಗೆ ಬರುತ್ತದೆ? ಲೆಸ್ಟರಿನ ಹುಡುಗಿಗೆ ಮೊದಲೆರಡಕ್ಕೆ ಉತ್ತರ ಸಿಕ್ಕಿತು, ಮೂರನೆಯದು ಎಲ್ಲರ ಬಿಲ್ಲಿಗೂ ಬಂತು. ನಮ್ಮ ಟೀಚರಮ್ಮನವರಿಗೆ ಮೊದಲನೆಯದಕ್ಕೇ ಉತ್ತರ ಸಿಗಲಿಲ್ಲ. ಅಗ್ಗದ ದರವನ್ನು ಕೂಗಿ ಹೇಳುವವರು ಈ ಮೂರನ್ನು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಕೇಳುವ ಅಭ್ಯಾಸವನ್ನು ಮನೆಯ ಬಿಲ್ಲಿನಿಂದಲೇ ಶುರುಮಾಡಬಹುದು. ವಿದ್ಯುತ್ ಸಂಪರ್ಕ ಕೊಡುವಾಗ ಕಂಪನಿ ನಮ್ಮಿಂದ ಭದ್ರತಾ ಠೇವಣಿ ಪಡೆದಿರುತ್ತದೆ. 2003ರ ವಿದ್ಯುತ್ ಕಾಯಿದೆಯ ಪ್ರಕಾರ ಆ ಹಣಕ್ಕೆ ಅದು ನಮಗೆ ಬಡ್ಡಿ ಕೊಡಬೇಕು. ವರ್ಷಕ್ಕೊಮ್ಮೆ ಅದನ್ನು ಬಿಲ್ಲಿನಲ್ಲೇ ವಜಾ ಮಾಡುತ್ತಾರೆ. ಆ ಸಾಲು ನಿಮ್ಮ ಬಿಲ್ಲಿನಲ್ಲಿ ಬಂದಿದೆಯೇ ಎಂದು ಈ ಸಲ ಕನ್ನಡಕ ಹಾಕಿಕೊಂಡು ನೋಡಿ. ಗ್ಯಾಸಿನ ಠೇವಣಿಯ ಹಳದಿಯಾದ ಕಾಗದ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಎಲ್ಲೋ ಇರುತ್ತದೆ. ಅದನ್ನೂ ತೆಗೆದು, ಮನೆಪತ್ರಗಳ ಜೊತೆಗೆ ಇಡಿ.